ಮೇಕೆ ಚೀಸ್‌ಗೂ ಒಂದು ಸೀಸನ್ ಇರತ್ತೆ, ಯಾಕೆ?

ಫ್ರಾನ್ಸಿನ ಲುವಾರ್ ನದಿ ಆಸುಪಾಸಿನ ತೂರೆನ್ ಸೀಮೇಲಿ ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ವಾರದ ಸಂತೆಗೆ ಹೋದ್ರೆ, ಸ್ವಂತ ಮೇಕೆ ಸಾಕಿ ಸ್ವಂತ ಹಾಲಲ್ಲೇ ಚೀಸ್ ಮಾಡೋ ಚಿಕ್ಕ ಫಾರ್ಮ್‌ನವರು ಎಷ್ಟೋ ಜನ ಅಂಗಡೀನೇ ಹಾಕಿರಲ್ಲ, ಹಾಕಿದವರ ಹತ್ರಾನೂ ಒಣಗಿ ಗಟ್ಟಿಯಾದ ಹಳೇ ಚೀಸ್ ನಾಲ್ಕಾರು ಇರತ್ತೆ ಅಷ್ಟೇ. ಅದೇ ಏಪ್ರಿಲ್‌ನಲ್ಲಿ ಹೋದ್ರೆ ಟೇಬಲ್ ತುಂಬಾ ಬೆಳ್ಳಗಿನ ತಾಜಾ ಚೀಸ್. ಸೂಪರ್ ಮಾರ್ಕೆಟ್‌ನಲ್ಲಿ ಮಾತ್ರ ಹನ್ನೆರಡು ತಿಂಗಳೂ ಸಿಗತ್ತೆ. ಹಸು ಹಾಲಿನಲ್ಲಿ ಇಷ್ಟು ಎದ್ದು ಕಾಣದ ಸೀಸನ್ ಮೇಕೆ ಹಾಲಿಗೆ ಯಾಕೆ, ಆ ಸೀಸನ್ ಫಾರ್ಮ್‌ನವರ ಇಡೀ ವರ್ಷಾನ ಹೇಗೆ ನಡೆಸತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ ನಮ್ಮಲ್ಲೂ ಗೋಟ್ ಫಾರ್ಮಿಂಗ್ ವಿಡಿಯೋ ನೋಡಿ ಆಸೆಪಟ್ಟು ಕೈ ಹಾಕೋರು ಇದಾರೆ, ವಿಡಿಯೋದಲ್ಲಿ ಬಕೆಟ್ ತುಂಬಾ ಹಾಲು ಕಾಣತ್ತೆ, ಅದರ ಹಿಂದಿನ ಲೆಕ್ಕ ಕಾಣಲ್ಲ.

ಎಲ್ಲದಕ್ಕೂ ಮೂಲ ಹಗಲಿನ ಉದ್ದ. ಮೇಕೆ ಮೆದುಳಲ್ಲಿ ಪೀನಿಯಲ್ ಅನ್ನೋ ಒಂದು ಪುಟ್ಟ ಗ್ರಂಥಿ ಇದೆ, ಕತ್ತಲಾದಾಗ ಅದು ಮೆಲಟೋನಿನ್ ಅನ್ನೋ ಹಾರ್ಮೋನ್ ಬಿಡತ್ತೆ, ಬೆಳಕಾದ್ರೆ ನಿಲ್ಲಿಸತ್ತೆ. ರಾತ್ರಿ ಉದ್ದ ಆದಷ್ಟೂ ಮೆಲಟೋನಿನ್ ಹರಿಯೋ ಹೊತ್ತು ಜಾಸ್ತಿ, ಹಂಗಾಗಿ ಇದು ಮೇಕೆ ಮೈಯೊಳಗಿನ ಪಂಚಾಂಗ ಇದ್ದಂಗೆ. ಬೇಸಿಗೆಯ ಉದ್ದ ಹಗಲು ಕಳೆದು ರಾತ್ರಿ ಬೆಳೀತಾ ಹೋದಾಗ ಮೆದುಳು ಅದನ್ನ ಓದಿಕೊಂಡು ಅಂಡಾಶಯಕ್ಕೆ ಸಂದೇಶ ಕಳಿಸತ್ತೆ, ಆಗಸ್ಟ್ ಕೊನೆ ಸೆಪ್ಟೆಂಬರ್‌ನಲ್ಲಿ ಮೇಕೆ ಬೆದೆಗೆ ಬರತ್ತೆ. ಗಬ್ಬ ಕಟ್ಟಿದ ಮೇಲೆ ಸುಮಾರು 150 ದಿನ, ಅಂದ್ರೆ ಐದು ತಿಂಗಳು. ಸೆಪ್ಟೆಂಬರ್‌ಗೆ ಐದು ಸೇರಿಸಿ, ಫೆಬ್ರವರಿ. ಮರಿ ಹುಟ್ಟಿ ಮೇಯೋಕೆ ಶುರು ಮಾಡೋ ಹೊತ್ತಿಗೆ ಸರಿಯಾಗಿ ಚಳಿ ಕಳೆದು ಹಸಿ ಹುಲ್ಲು ಚಿಗುರಿರತ್ತೆ. ಕಾಡಲ್ಲಿದ್ದಾಗ ಮರಿ ಬದುಕಬೇಕಾದ್ರೆ ಇದೇ ದಾರಿ ಇತ್ತು, ಸಾಕೋಕೆ ಶುರು ಮಾಡಿ ಸಾವಿರಾರು ವರ್ಷ ಆದ್ಮೇಲೂ ಆ ಗುಣ ಹೋಗಿಲ್ಲ.

ಇದು ನಮಗೆ ಯಾಕೆ ಹೊಸದು ಅನ್ಸತ್ತೆ ಅಂದ್ರೆ, ಬೆಂಗಳೂರಲ್ಲಿ ಜೂನ್‌ನ ಅತಿ ಉದ್ದದ ಹಗಲಿಗೂ ಡಿಸೆಂಬರ್‌ನ ಅತಿ ಗಿಡ್ಡ ಹಗಲಿಗೂ ಇರೋ ವ್ಯತ್ಯಾಸ ಹೆಚ್ಚುಕಮ್ಮಿ ಒಂದೂವರೆ ಗಂಟೆ. ತೂರೆನ್‌ನ ಮುಖ್ಯ ಊರು ತೂರ್‌ನಲ್ಲಿ ಜೂನ್‌ನಲ್ಲಿ 16 ಗಂಟೆ ಹಗಲು, ಡಿಸೆಂಬರ್‌ನಲ್ಲಿ ಎಂಟೂವರೆ ಗಂಟೆಯೂ ಇಲ್ಲ. ನಮ್ಮ ಮೇಕೆಗೆ ಓದೋಕೆ ಅಂಥ ದೊಡ್ಡ ಅಕ್ಷರ ಬಾನಲ್ಲಿ ಇಲ್ಲ, ಅದಕ್ಕೆ ಇಲ್ಲಿ ಮೇವು ಚೆನ್ನಾಗಿದ್ರೆ ವರ್ಷದ ಯಾವ ತಿಂಗಳಲ್ಲಾದ್ರೂ ಬೆದೆಗೆ ಬರ್ತವೆ, ಎರಡು ವರ್ಷಕ್ಕೆ ಮೂರು ಸಲ ಈಯೋದೂ ಉಂಟು. ಅಲ್ಲಿ ಹಂಗಲ್ಲ, ಇಡೀ ಹಿಂಡು ಒಟ್ಟಿಗೆ ಗಬ್ಬ, ಒಟ್ಟಿಗೆ ಈಯತ್ತೆ, ಒಟ್ಟಿಗೆ ಹಾಲು ಬತ್ತತ್ತೆ.

ಈಗ ವರ್ಷಾನ ಸೆಪ್ಟೆಂಬರ್‌ನಿಂದ ಶುರು ಮಾಡೋಣ, ಫಾರ್ಮ್‌ನವರಿಗೆ ನಿಜವಾದ ಯುಗಾದಿ ಅದೇ. ಅಲ್ಲಿವರೆಗೂ ಹೋತಗಳನ್ನ ದೂರದ ದೊಡ್ಡೀಲಿ, ವಾಸನೆ ಸದ್ದು ಎರಡೂ ತಾಕದ ಹಂಗೆ ಬೇರೆ ಕಟ್ಟಿರ್ತಾರೆ. ಇದು ಬರೀ ತಪ್ಪಿ ಗಬ್ಬ ಆಗದಿರ್ಲಿ ಅಂತ ಅಲ್ಲ. ವಾರಗಟ್ಟಲೆ ಹೋತ ಕಾಣದೇ ಇದ್ದ ಹೆಣ್ಣು ಮೇಕೆಗಳ ಮಧ್ಯಕ್ಕೆ ಇದ್ದಕ್ಕಿದ್ದಂಗೆ ಹೋತ ಬಂದ್ರೆ ಆ ವಾಸನೆಯೇ ಅವುಗಳ ಹಾರ್ಮೋನ್ ಎಬ್ಬಿಸಿ, ಹತ್ತು ಹನ್ನೆರಡು ದಿನದೊಳಗೆ ಬಹಳಷ್ಟು ಒಟ್ಟಿಗೆ ಬೆದೆಗೆ ಬರ್ತವೆ. ಆ ಕಾಲದಲ್ಲಿ ಹೋತ ತನ್ನ ಗಡ್ಡಕ್ಕೆ, ಮುಂಗಾಲಿಗೆ ತಾನೇ ಉಚ್ಚೆ ಹೊಯ್ಕೊಂಡಿರತ್ತೆ, ತಲೆ ಹಿಂದಿನ ಗ್ರಂಥಿಯ ಜಿಡ್ಡು ಬೇರೆ, ಆ ನಾತ ಬಟ್ಟೆಗೆ ಅಂಟಿದ್ರೆ ಎರಡು ಮೂರು ಸಲ ಒಗೆದ್ರೂ ಹೋಗಲ್ಲ, ಅದಕ್ಕೆ ಹೋತದ ದೊಡ್ಡಿಗೆ ಹೋಗಿ ಬಂದ ಬಟ್ಟೇಲಿ ಯಾರೂ ಹಾಲು ಕರೆಯೋ ಜಾಗಕ್ಕೆ ಕಾಲಿಡಲ್ಲ. ಬೆದೆ ತಪ್ಪಿದ್ರೆ ಮತ್ತೆ 21 ದಿನಕ್ಕೆ ಬರತ್ತೆ, ಹಂಗಾಗಿ ಹೋತಾನ ಎರಡು ಸುತ್ತು ಮುಗಿಯೋವರೆಗೂ ಹಿಂಡಲ್ಲೇ ಬಿಟ್ಟಿರ್ತಾರೆ. ಹೋತದ ಎದೆಗೆ ಬಣ್ಣದ ಪಟ್ಟಿ ಕಟ್ಟೋದೂ ಇದೆ, ಯಾವ ಮೇಕೆ ಬೆನ್ನ ಮೇಲೆ ಬಣ್ಣ ಬಿತ್ತೋ ಅದರ ತಾರೀಕು ಬರ್ಕೊಂಡ್ರೆ ಈಯೋ ದಿನ ಗೊತ್ತಾಗತ್ತೆ.

ಇನ್ನೊಂದು ಕಡೆ ಹಾಲು ಇನ್ನೂ ಬರ್ತಾನೇ ಇರತ್ತೆ. ದಿನದಿಂದ ದಿನಕ್ಕೆ ಕಮ್ಮಿ, ಆದ್ರೆ ದಪ್ಪ. ಈದ ಒಂದೆರಡು ತಿಂಗಳಿಗೆ ಹಾಲಿನ ಪ್ರಮಾಣ ಅತಿ ಹೆಚ್ಚು ಇರತ್ತೆ, ಆಗ ಕೊಬ್ಬು ಪ್ರೋಟೀನ್ ತೆಳು, ಕೊನೆ ಕೊನೆಗೆ ಹಾಲು ಇಳಿದು ಕೊಬ್ಬು ಪ್ರೋಟೀನ್ ಏರತ್ತೆ. ಅಕ್ಟೋಬರ್ ನವೆಂಬರ್ ಚೀಸ್ ಅದಕ್ಕೇ ಅಷ್ಟು ಬೆಣ್ಣೆ ಬೆಣ್ಣೆ. ನನ್ನ ಪ್ರಕಾರ ಮೇಕೆ ಚೀಸ್ ತಿನ್ನೋರು ವಸಂತದ ಚೀಸನ್ನ ಹೊಗಳಿ ಹೊಗಳಿ ಈ ಶರತ್ಕಾಲದ ಚೀಸ್‌ಗೆ ಅನ್ಯಾಯ ಮಾಡ್ತಾರೆ.

ಡಿಸೆಂಬರ್ ಸುಮಾರಿಗೆ ಹಾಲು ಬತ್ತಿಸ್ತಾರೆ. ಈಯೋಕೆ ಎರಡು ತಿಂಗಳು ಮುಂಚೆ ಕರೆಯೋದು ನಿಲ್ಲಿಸಲೇಬೇಕು, ಕಾರಣ ಎರಡು. ಹೊಟ್ಟೇಲಿರೋ ಮರಿ ಬಹುಪಾಲು ಬೆಳೆಯೋದೇ ಆ ಕೊನೇ ಎರಡು ತಿಂಗಳಲ್ಲಿ, ಅವಳಿ ಇರೋದು ಮಾಮೂಲಿ, ತಾಯಿ ತಿಂದಿದ್ದು ಹಾಲಿಗೂ ಮರಿಗೂ ಎರಡಕ್ಕೂ ಸಾಲಲ್ಲ. ಎರಡನೇದು, ಕೆಚ್ಚಲ ಒಳಗಿನ ಹಾಲು ಮಾಡೋ ಜೀವಕೋಶಗಳು ಹೊಸದಾಗೋಕೆ ಆ ಬಿಡುವು ಬೇಕು, ಕೊಡದಿದ್ರೆ ಮುಂದಿನ ವರ್ಷದ ಹಾಲೇ ಕಮ್ಮಿ. ಬತ್ತಿಸೋದು ಅಂದ್ರೆ ಕಾಳು ಹಿಂಡಿ ಕಮ್ಮಿ ಮಾಡಿ ಬರೀ ಒಣಹುಲ್ಲಿಗೆ ಇಳಿಸಿ ಕರೆಯೋದು ನಿಲ್ಲಿಸೋದು, ಕೆಚ್ಚಲು ಕೆಲವು ದಿನ ಬಿಗಿದು ಆಮೇಲೆ ತಾನೇ ಇಳಿಯತ್ತೆ, ಆ ದಿನಗಳಲ್ಲಿ ಕೆಚ್ಚಲು ಬಾವು ಬರದ ಹಾಗೆ ದಿನಾ ಕೈಯಿಟ್ಟು ನೋಡ್ತಿರಬೇಕು. ಕೊನೇ ತಿಂಗಳು ಮತ್ತೆ ಕಾಳು ಏರಿಸ್ತಾರೆ, ಏರಿಸದಿದ್ರೆ ಅವಳಿ ತ್ರಿವಳಿ ಹೊತ್ತ ಮೇಕೆ ತನ್ನ ಮೈ ಕೊಬ್ಬನ್ನೇ ಕರಗಿಸ್ಕೊಂಡು ಹಾಗೆ ಕರಗಿದಾಗ ಹುಟ್ಟೋ ಕೀಟೋನ್ ಅನ್ನೋ ವಸ್ತು ರಕ್ತದಲ್ಲಿ ಏರಿ ನೆಲ ಹಿಡಿಯತ್ತೆ, ಎಷ್ಟೋ ಸಲ ಉಳಿಯಲ್ಲ.

ಅಂದ್ರೆ ಹತ್ರತ್ರ ಎರಡು ತಿಂಗಳು ಹಾಲಿಲ್ಲ, ಚೀಸಿಲ್ಲ, ದುಡ್ಡಿಲ್ಲ, ಆದ್ರೆ ಮೇವಿನ ಖರ್ಚು ನಿಲ್ಲಲ್ಲ. ಸಂತೇಲಿ ಟೇಬಲ್ ಖಾಲಿ ಇರೋದು ಇದಕ್ಕೇ. ವರ್ಷದ ಉಳಿದ ತಿಂಗಳೆಲ್ಲಾ ದಿನಕ್ಕೆ ಎರಡು ಸಲ ಹಾಲು ಕರೆಯೋರಿಗೆ ಮಗಳ ಮನೆಗೆ ಹೋಗಿ ಎರಡು ರಾತ್ರಿ ಇದ್ದು ಬರೋಕೆ ಸಿಗೋ ಸಮಯಾನೂ ಅದೇ, ಮಷೀನ್ ರಿಪೇರಿ, ಚೀಸ್ ರೂಮಿನ ಗೋಡೆ ತೊಳೆದು ಸುಣ್ಣ ಬಣ್ಣ, ಬ್ಯಾಂಕ್ ಕಾಗದ ಪತ್ರ ಎಲ್ಲಾ ಆವಾಗಲೇ.

ಫೆಬ್ರವರಿ ಬಂತು ಅಂದ್ರೆ ನಿದ್ದೆ ಇಲ್ಲ. 60 ಮೇಕೆ ಇರೋ ಫಾರ್ಮ್ ಅಂತ ಇಟ್ಕೊಳ್ಳಿ, ಮೂರು ನಾಲ್ಕು ವಾರದೊಳಗೆ ನೂರರ ಹತ್ರ ಮರಿ ಬೀಳತ್ತೆ. ಬಾಲದ ಬುಡದ ಎರಡೂ ಪಕ್ಕದ ನರ ಸಡಿಲ ಆಗಿ ಬೆರಳಿಗೆ ಸಿಗದೇ ಹೋದ್ರೆ ಒಂದು ದಿನದೊಳಗೆ ಈಯತ್ತೆ ಅಂತ ಲೆಕ್ಕ. ಮರಿ ಮುಂಗಾಲೆರಡು, ಅದರ ಮೇಲೆ ಮೂತಿ ಇಟ್ಕೊಂಡು ಬಂದ್ರೆ ಸುಸೂತ್ರ, ಒಂದು ಕಾಲು ಹಿಂದಕ್ಕೆ ಮಡಚಿದ್ರೆ ಕೈಗೆ ಜೆಲ್ ಹಚ್ಚಿ ಒಳಗೆ ಬಿಟ್ಟು ಮರಿನ ಮೆಲ್ಲಗೆ ಹಿಂದಕ್ಕೆ ತಳ್ಳಿ ಕಾಲು ನೇರ ಮಾಡಿ ಎಳೀಬೇಕು, ತಾಯಿ ತಿಣುಕುವಾಗ ಮಾತ್ರ ಎಳೀಬೇಕು. ಮೂಗಿನ ಲೋಳೆ ಒರೆಸಿ, ಒಣಹುಲ್ಲಲ್ಲಿ ಮೈ ಉಜ್ಜಿ, ಹೊಕ್ಕುಳಿಗೆ ಅಯೋಡಿನ್ ಅದ್ದಿ, ಆಮೇಲೆ ಗಿಣ್ಣು. ಮೇಕೇಲಿ ರೋಗನಿರೋಧಕ ಶಕ್ತಿ ತಾಯಿ ಹೊಟ್ಟೇಲಿದ್ದಾಗ ಮರಿಗೆ ದಾಟಲ್ಲ, ಪೂರ್ತಿ ಗಿಣ್ಣಿನಿಂದಲೇ ಬರಬೇಕು, ಅದನ್ನ ಹೀರಿಕೊಳ್ಳೋ ಶಕ್ತಿ ಮರಿ ಕರುಳಿಗೆ ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆ ಮುಖ್ಯ. ಮೊದಲ ದಿನಗಳ ಈ ಹಾಲಿಂದ ಚೀಸ್ ಮಾಡೋಕೆ ಬರಲ್ಲ, ಅಲ್ಲಿ ಮಿಕ್ಕಿದ್ದನ್ನ ಫ್ರೀಜರ್‌ಗಿಟ್ಟು ಗಿಣ್ಣು ಸಾಲದ ಬೇರೆ ಮರಿಗಳಿಗೆ ಕೊಡ್ತಾರೆ.

ಇಲ್ಲಿ ಕಷ್ಟದ ಮಾತೊಂದಿದೆ, ಹೇಳದೇ ದಾಟಿದ್ರೆ ಸರಿಯಲ್ಲ. ಬಹಳಷ್ಟು ಫಾರ್ಮ್‌ನಲ್ಲಿ ಮರಿಗಳನ್ನ ಹುಟ್ಟಿದ ದಿನವೇ ತಾಯಿಯಿಂದ ಬೇರೆ ಮಾಡಿ ಬಾಟ್ಲಿ ಅಥವಾ ನಿಪ್ಪಲ್ ಬಕೆಟ್‌ನಲ್ಲಿ ಹಾಲು ಕುಡಿಸ್ತಾರೆ. ಒಂದು ಕಾರಣ ಹಾಲು ಚೀಸ್‌ಗೆ ಬೇಕು ಅನ್ನೋದು, ಇನ್ನೊಂದು ಸಿಎಇ ಅನ್ನೋ ವೈರಸ್, ಕೀಲು ಊದಿಸಿ ಕೆಚ್ಚಲು ಕಲ್ಲಾಗಿಸೋ ರೋಗ, ತಾಯಿ ಹಾಲಿಂದ ಮರಿಗೆ ದಾಟತ್ತೆ, ಅದಕ್ಕೆ ಗಿಣ್ಣನ್ನ 56 ಡಿಗ್ರೀಲಿ ಒಂದು ಗಂಟೆ ಬಿಸಿ ಇಟ್ಟು ಕೊಡ್ತಾರೆ. ಹುಟ್ಟಿದ್ರಲ್ಲಿ ಅರ್ಧ ಗಂಡು. ಹೆಣ್ಣುಮರೀಲಿ ಒಳ್ಳೇವನ್ನ ಹಿಂಡಿಗೆ ಇಟ್ಕೊಳ್ತಾರೆ, ಗಂಡುಮರಿ ಬಹುತೇಕ ಒಂದು ವಾರಕ್ಕೇ ಮಾಂಸಕ್ಕೆ ಬೆಳೆಸೋರ ವ್ಯಾನ್ ಹತ್ತತ್ತೆ, ಈಸ್ಟರ್ ಹಬ್ಬದ ಊಟಕ್ಕೆ ಎಳೇ ಮೇಕೆ ಮಾಂಸದ ಬೇಡಿಕೆ ಇರೋದ್ರಿಂದ. ಅದರಿಂದ ಫಾರ್ಮ್‌ಗೆ ಸಿಗೋ ದುಡ್ಡು ತೀರಾ ಕಮ್ಮಿ. ಈಯದೇ ಹಾಲಿಲ್ಲ, ಈದ್ರೆ ಗಂಡುಮರಿ ಹುಟ್ಟೇ ಹುಟ್ಟತ್ತೆ, ಹಂಗಾಗಿ ಮಾಂಸ ಮುಟ್ಟದವರು ತಿನ್ನೋ ಮೇಕೆ ಚೀಸಲ್ಲೂ ಈ ಮರಿಗಳ ಲೆಕ್ಕ ಸೇರಿದೆ. ನಮ್ಮಲ್ಲಿ ಇದು ತಲೆಕೆಳಗು, ಬಕ್ರೀದು, ಊರ ಮಾರಿಹಬ್ಬ, ಜಾತ್ರೆಗೆ ಕೊಬ್ಬಿದ ಹೋತಕ್ಕೇ ಬೆಲೆ, ಹಾಲು ಮರಿ ಕುಡಿದು ಮಿಕ್ಕಿದ್ರೆ ಮನೆ ಮಗೂಗೆ.

ಮಾರ್ಚ್‌ನಿಂದ ಹಾಲಿನ ಹೊಳೆ. ಅಲ್ಲಿ ಸಾಕೋದು ಹೆಚ್ಚಾಗಿ ಆಲ್ಪೈನ್, ಸಾನೆನ್ ತಳಿ, ಒಳ್ಳೇ ಕಾಲದಲ್ಲಿ ಒಂದು ಮೇಕೆ ದಿನಕ್ಕೆ ಮೂರು ಲೀಟರ್ ಸುಮಾರು ಕೊಡತ್ತೆ. 60 ಮೇಕೆಗೆ 180 ಲೀಟರ್. ಆ ಸೀಮೆಯ ಪ್ರಸಿದ್ಧ ಚೀಸ್ ಸಾಂತ್ ಮೋರ್ ದ ತೂರೆನ್, ಮುಕ್ಕಾಲು ಗೇಣು ಉದ್ದದ ದಿಂಡು, ತೂಕ ಸುಮಾರು 250 ಗ್ರಾಂ, ಒಂದಕ್ಕೆ ಸುಮಾರು ಎರಡು ಲೀಟರ್ ಹಾಲು. ಅಂದ್ರೆ ದಿನಕ್ಕೆ 90 ದಿಂಡು, ಪ್ರತಿಯೊಂದನ್ನೂ ಕೈಯಲ್ಲೇ ಅಚ್ಚಿಗೆ ತುಂಬಿ, ಕೈಯಲ್ಲೇ ತಿರುಗಿಸಬೇಕು. 1990ರಲ್ಲಿ ಈ ಚೀಸ್‌ಗೆ ಫ್ರಾನ್ಸಿನ ಎಒಸಿ ಅನ್ನೋ ಮಾನ್ಯತೆ ಸಿಕ್ತು, ನಮ್ಮ ಜಿಐ ಟ್ಯಾಗ್ ತರದ್ದೇ ಆದ್ರೆ ನಿಯಮ ತುಂಬಾ ಬಿಗಿ, ಆ ಸೀಮೆಯದ್ದೇ ಹಸಿ ಹಾಲು, ಕಾಯಿಸಂಗಿಲ್ಲ, ಕೆನೆ ತೆಗೆಯಂಗಿಲ್ಲ.

ಮಾಡೋ ವಿಧಾನ ನಮಗೆ ಅಪರಿಚಿತ ಏನಲ್ಲ, ಅರ್ಧ ದಾರಿ ಮೊಸರಿನದೇ. ಕರೆದ ಹಾಲಿಗೆ ನಿನ್ನೆ ಚೀಸಿನ ಹುಳಿ ನೀರನ್ನೇ ಸ್ವಲ್ಪ ಹೆಪ್ಪು ಹಾಕಿ, ಜೊತೆಗೆ 100 ಲೀಟರ್‌ಗೆ ಕೆಲವೇ ಎಂಎಲ್ ರೆನೆಟ್, ಅಂದ್ರೆ ಹಾಲು ಒಡೆಸೋ ಕಿಣ್ವ ಹಾಕಿ, 20 ಡಿಗ್ರಿ ಸುಮಾರಿನ ರೂಮಲ್ಲಿ ಒಂದು ದಿನ ಅಲುಗಾಡಿಸದೇ ಬಿಡ್ತಾರೆ. ರೆನೆಟ್ ಜಾಸ್ತಿ ಹಾಕಿ ಬೇಗ ಒಡೆಸೋ ಗಟ್ಟಿ ಚೀಸ್‌ನ ದಾರಿ ಬೇರೆ, ಇಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಹುಳಿ, ಹಾಲಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6.6ರ ಹತ್ರ ಇದ್ದದ್ದು 4.5ರ ಹತ್ರಕ್ಕೆ ಇಳಿಯತ್ತೆ. ಮೇಕೆ ಹಾಲಲ್ಲಿ ಗಟ್ಟಿ ಗಡ್ಡೆ ಕಟ್ಟಿಸೋ ಒಂದು ಬಗೆಯ ಕೇಸಿನ್ ಅನ್ನೋ ಪ್ರೋಟೀನ್ ಹಸು ಹಾಲಿಗಿಂತ ಕಮ್ಮಿ, ಅದಕ್ಕೆ ಗಡ್ಡೆ ಬಹಳ ನಾಜೂಕು, ಸೌಟಲ್ಲಿ ಎತ್ತಿ ಅಚ್ಚಿಗೆ ಹಾಕುವಾಗ ಕೈ ಒರಟಾದ್ರೆ ಪುಡಿಯಾಗಿ ಕೊಬ್ಬೆಲ್ಲಾ ನೀರಿನ ಜೊತೆ ಹೋಗತ್ತೆ. ಬಣ್ಣ ಅಚ್ಚ ಬಿಳಿ ಯಾಕೆ ಅಂತ ಕೇಳೋರಿಗೆ, ಹುಲ್ಲಿನ ಹಳದಿ ಕ್ಯಾರೋಟಿನನ್ನ ಮೇಕೆ ಮೈ ಪೂರ್ತಿ ವಿಟಮಿನ್ ಎ ಮಾಡಿಬಿಡತ್ತೆ, ಹಾಲಿಗೆ ಹಳದಿ ಉಳಿಯಲ್ಲ.

ಉದ್ದನೇ ಅಚ್ಚಿನಿಂದ ನೀರು ಬಸಿದು ದಿಂಡು ನಿಂತ ಮೇಲೆ ಅದರ ನಡುವೆ ಉದ್ದಕ್ಕೂ ರೈ ಅನ್ನೋ ಧಾನ್ಯದ ಒಂದು ಒಣಹುಲ್ಲಿನ ಕಡ್ಡಿ ತೂರಿಸ್ತಾರೆ. ಮೆತ್ತಗಿನ ದಿಂಡು ಎತ್ತುವಾಗ ನಡು ಮುರೀಬಾರದು ಅಂತ ಶುರುವಾದ ರೂಢಿ, ಈಗ ಆ ಕಡ್ಡಿ ಮೇಲೇ ಚೀಸಿನ ಹೆಸರು, ತಯಾರಕರ ಗುರುತು ಕೊರೆದಿರ್ತಾರೆ, ಕೊಂಡವರು ಕಡ್ಡಿ ಎಳೆದು ಓದಿ ಅಸಲಿಯೋ ಅಲ್ವೋ ನೋಡಬಹುದು. ಆಮೇಲೆ ಉಪ್ಪು ಬೆರೆಸಿದ ಇದ್ದಿಲ ಪುಡೀಲಿ ಹೊರಳಿಸ್ತಾರೆ. ಬೂದು ಬಣ್ಣ ಬರೀ ಅಂದಕ್ಕಲ್ಲ, ಮೇಲ್ಮೈ ಹುಳಿ ಸ್ವಲ್ಪ ತಗ್ಗಿಸಿ ತೇವ ಎಳೆದು, ಬೇಕಾದ ಬೂಷ್ಟಿಗೆ ಜಾಗ ಮಾಡಿಕೊಡತ್ತೆ. ಜಿಯೋಟ್ರಿಕಮ್ ಅನ್ನೋ ಆ ಬೂಷ್ಟು ಕೆಲವೇ ದಿನದಲ್ಲಿ ಸುಕ್ಕುಸುಕ್ಕಾದ ತೆಳ್ಳನೆ ಚರ್ಮ ಕಟ್ಟತ್ತೆ. ಕನಿಷ್ಠ ಹತ್ತು ದಿನ ತಂಪು ರೂಮಲ್ಲಿ, ದಿನಾ ತಿರುಗಿಸ್ತಾ.

ಬೇಸಿಗೇಲಿ ಆಟ ಬದಲಾಗತ್ತೆ. ಜುಲೈ ಬಿಸಿಲಲ್ಲಿ ಮೇಕೆ ಮೇವು ಬಿಡತ್ತೆ, ಹಾಲಿನ ಕೊಬ್ಬು ಇಳಿಯತ್ತೆ, ಹಾಲು ಬೇಗ ಹುಳಿಯಾಗತ್ತೆ, ನೀರು ಸರಿಯಾಗಿ ಬಸಿಯದೇ ಹೋಗಬಹುದು. ಆಗ ಕಾದು ಕೂತಿರೋದು ಮ್ಯೂಕರ್ ಅನ್ನೋ ಬೂಷ್ಟು, ಒಂದು ರಾತ್ರಿ ಕಳೆಯೋದ್ರಲ್ಲಿ ಚೀಸ್ ಮೇಲೆ ಬೂದು ಬಣ್ಣದ ಉದ್ದುದ್ದ ಕೂದಲು, ತುದೀಲಿ ಕಪ್ಪು ಚುಕ್ಕಿ, ಫ್ರೆಂಚರು ಬೆಕ್ಕಿನ ರೋಮ ಅಂತಾರೆ. ಬೆರಳು ತಾಕಿದ್ರೆ ಸಾಕು ಆ ಚುಕ್ಕಿ ಒಡೆದು ಬೀಜ ಇಡೀ ರೂಮಿಗೆ ಹಾರತ್ತೆ. ಅದಕ್ಕೆ ನುರಿತವರು ರೋಮ ಬಂದ ಚೀಸನ್ನ ಉಜ್ಜೋಕೆ ಹೋಗಲ್ಲ, ಉಸಿರು ಬಿಗಿ ಹಿಡಿದು ಮೆಲ್ಲಗೆ ಚೀಲಕ್ಕೆ ಹಾಕಿ ಹೊರಗೆ ಒಯ್ದು ಆಮೇಲೆ ಇಡೀ ರೂಮು ತೊಳೀತಾರೆ. ಉಪ್ಪು ಕಮ್ಮಿ ಆಗಿದ್ರೂ, ನೀರು ಬಸಿಯದೇ ಉಳಿದಿದ್ರೂ, ಗಾಳಿ ಆಡದಿದ್ರೂ ಇದು ಮತ್ತೆ ಬರತ್ತೆ. ಒಂದು ವಾರದ ಮಾಲು ಪೂರ್ತಿ ಹೋಗಬಹುದು.

ಹೊರಗೆ ಮೇಯೋ ತಿಂಗಳುಗಳಲ್ಲಿ ಇನ್ನೊಂದು ಚಿಂತೆ ಜಂತುಹುಳು. ಆಡು ಮುಟ್ಟದ ಸೊಪ್ಪಿಲ್ಲ ಅಂತೀವಿ, ನಿಜವಾಗಿ ಮೇಕೆಗೆ ಇಷ್ಟ ಬೇಲಿ, ಪೊದೆ, ಎಲೆ, ತಲೆ ಎತ್ತಿ ತಿನ್ನೋದು. ನೆಲದ ಗಿಡ್ಡ ಹುಲ್ಲು ಮೇಯಿಸಿದಾಗ ಹುಲ್ಲ ತುದೀಲಿ ಕೂತಿರೋ ಹೀಮಾಂಕಸ್ ಹುಳದ ಮರಿ ಹೊಟ್ಟೆ ಸೇರಿ ಒಳಗೆ ರಕ್ತ ಕುಡಿಯತ್ತೆ. ಹಾಲು ಕೊಡೋ ಮೇಕೆಗೆ ಔಷಧಿ ಕೊಟ್ರೆ ಅಷ್ಟು ದಿನ ಹಾಲು ಚೆಲ್ಲಬೇಕು, ಎಲ್ಲಕ್ಕೂ ಕೊಟ್ರೆ ಹುಳ ಔಷಧಿಗೆ ಬಗ್ಗದ ಹಾಗಾಗತ್ತೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಫಮಾಚಾ ಅನ್ನೋ ಸುಲಭ ಉಪಾಯ ಈಗ ಎಷ್ಟೋ ದೇಶದಲ್ಲಿ ಬಳಕೇಲಿದೆ, ಕೆಳಗಿನ ಕಣ್ಣರೆಪ್ಪೆ ಎಳೆದು ಒಳಗಿನ ಬಣ್ಣ ನೋಡೋದು, ಕೆಂಪಗಿದ್ರೆ ಬಿಡಿ, ಬಿಳಚಿದ್ರೆ ಅದಕ್ಕೊಂದಕ್ಕೇ ಔಷಧಿ ಕೊಡಿ. ಮಳೆಗಾಲದಲ್ಲಿ ನಮ್ಮ ಮೇಕೆಗಳ ರಕ್ತ ಹೀರೋದೂ ಇದೇ ಹುಳ, ಹಂಗಾಗಿ ಇದೊಂದನ್ನ ನಾಳೆಯಿಂದಲೇ ನಮ್ಮವರು ಮಾಡಬಹುದು.

ಹಾಗಾದ್ರೆ ಸೂಪರ್ ಮಾರ್ಕೆಟ್‌ಗೆ ಚಳಿಗಾಲದ ಚೀಸ್ ಎಲ್ಲಿಂದ? ಮೇಕೆ ಓದೋ ಪಂಚಾಂಗಾನೇ ಬದಲಾಯಿಸ್ತಾರೆ. ಡಿಸೆಂಬರ್‌ನಿಂದ ಎರಡೂವರೆ ತಿಂಗಳು ಕೊಟ್ಟಿಗೇಲಿ ಲೈಟ್ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟು ಇದ್ದಕ್ಕಿದ್ದಂಗೆ ನಿಲ್ಲಿಸಿದ್ರೆ, ಬೇಸಿಗೆ ಮುಗೀತು ಅಂದ್ಕೊಂಡು ಮೇಕೆ ವಸಂತದಲ್ಲೇ ಬೆದೆಗೆ ಬಂದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಈಯತ್ತೆ. ಹೋತಗಳಿಗೂ ಅದೇ ಬೆಳಕು ಕೊಡಬೇಕು. ಕೆಲವರು ಮೆಲಟೋನಿನ್ ಗುಳಿಗೆಯನ್ನ ಕಿವಿ ಹತ್ರ ಚರ್ಮದಡಿ ಇಡ್ತಾರೆ. ಇನ್ನು ಕೆಲವರು ಚೆನ್ನಾಗಿ ಕರೆಯೋ ಮೇಕೇನ ಆ ವರ್ಷ ಗಬ್ಬ ಮಾಡಿಸದೇ ಎರಡು ವರ್ಷ ಒಂದೇ ಸಮ ಕರೀತಾರೆ, ಮರಿಗಳ ಸಂಖ್ಯೆಯೂ ಇಳಿಯತ್ತೆ, ನನಗೆ ಈ ದಾರಿ ಎಲ್ಲಕ್ಕಿಂತ ಒಳ್ಳೇದು ಅನ್ಸತ್ತೆ. ದೊಡ್ಡ ಫ್ಯಾಕ್ಟರಿಗಳು ವಸಂತದ ಗಡ್ಡೇನ ಫ್ರೀಜ್ ಮಾಡಿಟ್ಟು ಚಳಿಗಾಲದಲ್ಲಿ ಬೆರೆಸೋದೂ ಇದೆ.

ಕರ್ನಾಟಕದಲ್ಲಿ ಯಾರಾದ್ರೂ ಇದನ್ನ ಮಾಡ್ತೀನಿ ಅಂದ್ರೆ ಹಗಲಿನ ಉದ್ದದ ತೊಂದರೆ ಇಲ್ಲ, ತೊಂದರೆ ಹಾಲಿನ ಪ್ರಮಾಣದ್ದು, ಸೆಕೆಯದ್ದು. ನಂದಿದುರ್ಗ, ಬಿದ್ರಿಯಂಥ ನಮ್ಮ ತಳಿಗಳು ಮಾಂಸಕ್ಕಾಗಿ ಬೆಳೆದು ಬಂದವು, ಅವುಗಳಿಂದ ಸಾನೆನ್ ಲೆಕ್ಕದ ಹಾಲು ಬಯಸೋದು ತಪ್ಪು, ಸಾನೆನ್ ತಂದ್ರೆ ನಮ್ಮ ಏಪ್ರಿಲ್ ಬಿಸಿಲು ಅದಕ್ಕಾಗಲ್ಲ. 20 ಡಿಗ್ರಿ ರೂಮು ಅಂದ್ರೆ ಇಲ್ಲಿ ಎಸಿ ಮತ್ತೆ ಕರೆಂಟ್ ಬಿಲ್. ಹಸಿ ಹಾಲಿನ ಚೀಸ್ ಮಾತ್ರ ಬೇಡವೇ ಬೇಡ, ನಮ್ಮ ಹಿಂಡುಗಳಲ್ಲಿ ಬ್ರೂಸೆಲ್ಲಾ ಅನ್ನೋ ರೋಗಾಣು ಇದೆ, ಅದು ಹಾಲಿಂದ ಮನುಷ್ಯರಿಗೆ ಬಂದ್ರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ಹಂಗಾಗಿ ಹಾಲು ಪಾಶ್ಚರೀಕರಿಸಿ, ಹಿಂಡಿನ ರಕ್ತ ಪರೀಕ್ಷೆ ಪಶು ವೈದ್ಯರ ಹತ್ರ ಮಾಡಿಸಿ ಆಮೇಲೆ ಶುರು ಮಾಡಬೇಕು. ಲಾಭ ಇರೋದು ಒಂದು ಕಡೆ, ಅಲ್ಲಿನವರು ಲೈಟ್ ಹಾಕಿ ಕಷ್ಟಪಟ್ಟು ಪಡೆಯೋದು ನಮಗೆ ಹಗಲಿನ ಕಡೆಯಿಂದ ಪುಕ್ಕಟೆ. 30 ಮೇಕೇನ ಹತ್ತತ್ತರ ಮೂರು ಗುಂಪು ಮಾಡಿ ನಾಲ್ಕು ನಾಲ್ಕು ತಿಂಗಳ ಅಂತರದಲ್ಲಿ ಹೋತ ಬಿಟ್ರೆ, ಮೇವು ಸರಿಯಾಗಿದ್ರೆ, ಒಂದು ಗುಂಪು ಬತ್ತಿದಾಗ ಇನ್ನೊಂದಾದ್ರೂ ಕರೀತಾ ಇರತ್ತೆ. ಅದಕ್ಕೆ ಹೋತಾನ ಹಿಂಡಿನ ಜೊತೆ ಬಿಡೋ ನಮ್ಮ ರೂಢಿ ಬಿಟ್ಟು ಬೇರೆ ದೊಡ್ಡಿ ಕಟ್ಟಬೇಕು, ಯಾವತ್ತು ಬಿಟ್ವಿ ಯಾವತ್ತು ತೆಗೆದ್ವಿ ಅಂತ ಒಂದು ಬುಕ್ಕಲ್ಲಿ ಬರೆದಿಡಬೇಕು.